ಬೆಂಚ್ ಗ್ರೈಂಡರ್‌ಗೆ ಬೂದು ವೀಲಾ, ಬಿಳಿ ವೀಲಾ?

ಬೆಂಚ್ ಗ್ರೈಂಡರ್ ಅಂದ್ರೆ ಮೇಜಿಗೆ ಕೂರಿಸಿ ಹತ್ಯಾರು ಮಸೆಯೋ ಮೆಷಿನ್ನು, ಅದರ ಜೊತೆ ಸಾಮಾನ್ಯವಾಗಿ ಬರೋದು ಬೂದು ಬಣ್ಣದ ಗಟ್ಟಿ ವೀಲು (ಮಸೆಯೋ ಚಕ್ರ). ಮಚ್ಚು, ಪಿಕಾಸಿ, ಹಾರೆ ತುದಿಗೆ ಅದೇ ಬೆಸ್ಟು, ರೇಟು ಕಮ್ಮಿ, ಬೇಗ ಸವೆಯಲ್ಲ. ಆದ್ರೆ ಮರಗೆಲಸದ ಉಳಿನ ಅದಕ್ಕೆ ಹಿಡಿದ್ರೆ ಬಿಸಿ ಬೇಗ ಏರುತ್ತೆ, ಮೊದಲು ಅಂಚು ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುತ್ತೆ, ಆಮೇಲೆ ಕಂದು, ಆಮೇಲೆ ನೀಲಿ, ನೀಲಿ ಅಂದ್ರೆ ಹತ್ತಿರ ಹತ್ತಿರ 300 ಡಿಗ್ರಿ ಮುಟ್ಟಿದೆ, ಹದ (ಉಕ್ಕಿನ ಗಟ್ಟಿತನ) ಹೋಯ್ತು ಅಂತಲೇ ಲೆಕ್ಕ. ಆಮೇಲೆ ನೀರಲ್ಲಿ ಅದ್ದಿದ್ರೂ ಹೋದ ಹದ ವಾಪಸ್ ಬರಲ್ಲ, ನೀಲಿ ಆಗಿರೋಷ್ಟನ್ನ ಉಜ್ಜಿ ತೆಗೀಲೇಬೇಕು.

ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ವೀಲಲ್ಲಿ ಮೊಂಡಾದ ಕಾಳು ಒಡೆದು ಹೊಸ ಚೂಪು ಹೊರಗೆ ಬರ್ತಾ ಇರುತ್ತೆ, ಅದಕ್ಕೇ ಬಿಸಿ ಕಮ್ಮಿ. ಬೇಗ ಸವೆಯುತ್ತೆ, ನಿಜ, ಆದ್ರೂ ಉಳಿಗೆ ನಾನು 80 ಗ್ರಿಟ್‌ನ (ಗ್ರಿಟ್ ಅಂದ್ರೆ ಕಾಳಿನ ಅಳತೆ, ನಂಬರ್ ಜಾಸ್ತಿ ಆದಷ್ಟೂ ಕಾಳು ಸಣ್ಣ) ಬಿಳೀದೇ ಹಾಕಿ ಅಂತೀನಿ.

ಹಸಿರು ವೀಲು ಕಾರ್ಬೈಡ್ ಅನ್ನೋ ತುಂಬಾ ಗಟ್ಟಿ ವಸ್ತುವಿನ ತುದಿ ಇರೋ ಟೂಲ್‌ಗೆ, ಬೇರೆಯದಕ್ಕೆ ಬೇಡ.

ಸ್ಪೀಡೂ ನೋಡ್ಕೊಳ್ಳಿ, ನಮ್ಮಲ್ಲಿ ಸಿಗೋ ಮಾಮೂಲಿ ಗ್ರೈಂಡರ್ ನಿಮಿಷಕ್ಕೆ ಸುಮಾರು 2800 ಸುತ್ತು, 1400ರದ್ದು ಸಿಕ್ಕಿದ್ರೆ ಚೂಪು ಮಾಡೋಕೆ ಅದು ಎಷ್ಟೋ ವಾಸಿ.

ಅಡುಗೆಮನೆ ಚಾಕುಗೆ ಮಾತ್ರ ಬೂದು, ಬಿಳಿ ಎರಡೂ ವೀಲು ಬೇಡ! ಅಂಚು ತೆಳು, ಕ್ಷಣದಲ್ಲಿ ಸುಡುತ್ತೆ, 1000 ಗ್ರಿಟ್ ಸಾಣೆಕಲ್ಲಿಗೆ ನೀರು ಹಾಕಿ ಕೈಯಲ್ಲೇ ಮಸೀರಿ.

ಗ್ರೈಂಡರ್‌ನ ಎರಡೂ ಕಡೆ ಬೇರೆ ಬೇರೆ ವೀಲು ಹಾಕಬಹುದು, ಒಂದು ಬೂದು ಒಂದು ಬಿಳಿ. ಟೂಲ್ ರೆಸ್ಟ್‌ಗೂ (ಹತ್ಯಾರು ಊರಿ ಹಿಡಿಯೋ ಪಟ್ಟಿ) ವೀಲಿಗೂ 3 ಮಿಮೀಗಿಂತ ಜಾಸ್ತಿ ಗ್ಯಾಪ್ ಬಿಡಬೇಡಿ, ಕಣ್ಣು ಕಾಯೋ ಕನ್ನಡಕ ಹಾಕದೆ ಸ್ವಿಚ್ಚೇ ಮುಟ್ಟಬೇಡಿ.