ಪೆಟ್ರೋಲ್ ಆವಿ ಎಲ್ಲಿ ಸೋರುತ್ತಿದೆ: ಮುಚ್ಚಳ, ಸ್ಕ್ಯಾನರ್, ಹೊಗೆ

ಚೆಕ್ ಇಂಜಿನ್ ದೀಪ ಹತ್ತಿದೆ, ಕಾರು ಮಾತ್ರ ಎಂದಿನಂತೆ ಓಡುತ್ತಿದೆ. ಕೋಡ್ ಓದಿದರೆ ಪಿ0455, ಪಿ0442 ಅಥವಾ ಪಿ0456. ಕ್ರಮವಾಗಿ ಪೆಟ್ರೋಲ್ ಆವಿಯ ದೊಡ್ಡ ಸೋರಿಕೆ, ಸಣ್ಣದು, ತೀರಾ ಸಣ್ಣದು. ತೀರಾ ಸಣ್ಣದು ಅಂದರೆ ಅರ್ಧ ಮಿಲಿಮೀಟರ್ ತೂತು! ನ್ಯೂಜೆರ್ಸಿಯಲ್ಲಿ ದೀಪ ಹತ್ತಿದ್ದರೆ ಇನ್‌ಸ್ಪೆಕ್ಷನ್ ಪಾಸಾಗುವುದಿಲ್ಲ. ಹಾಗಾಗಿ ಸುಮ್ನೆ ಬಿಡುವಂತಿಲ್ಲ. ನಮ್ಮ ಹಳೆ ಕಾರಿಗೆ ಎಲ್ಲ ದಾರಿಗಳನ್ನೂ ನೋಡಿಯಾಗಿದೆ.

ಎಲ್ಲರೂ ಮೊದಲು ಹೇಳುವುದು ಪೆಟ್ರೋಲ್ ಮುಚ್ಚಳ ಬದಲಾಯಿಸಿ ಅಂತ. ಅಗ್ಗ, ಸುಲಭ. ರಬ್ಬರ್ ರಿಂಗ್ ಬಿರುಕು ಬಿಟ್ಟಿದ್ದರೆ ಖಂಡಿತ ಬದಲಾಯಿಸಿ. ರಿಂಗ್ ಚೆನ್ನಾಗಿದ್ದರೆ ಅದು ಬರೀ ಕಾಯುವ ಕೆಲಸ. ಯಾಕೆಂದರೆ ಕಾರು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ತನಗೆ ಅನುಕೂಲವಾದಾಗ ಮಾತ್ರ. ಟ್ಯಾಂಕ್ ತೀರಾ ತುಂಬಿರಬಾರದು, ತೀರಾ ಖಾಲಿಯೂ ಇರಬಾರದು. ಹೊರಗಿನ ಚಳಿ, ಸೆಕೆ ಎರಡೂ ಅತಿಯಾಗಬಾರದು. ಟೊಯೋಟಾದ ಹಲವು ಮಾಡೆಲ್‌ಗಳಂತೂ ಕೀ ತೆಗೆದ ಸುಮಾರು 5 ಗಂಟೆ ಬಳಿಕ, ಎಲ್ಲ ತಣ್ಣಗಾದ ಮೇಲೆ, ಪುಟ್ಟ ಪಂಪ್ ಓಡಿಸಿ ನೋಡಿಕೊಳ್ಳುತ್ತವೆ. ಮುಚ್ಚಳ ಹಾಕಿದ ಮೇಲೆ ಉತ್ತರ ಬರುವಷ್ಟರಲ್ಲಿ ವಾರ ಕಳೆದಿರುತ್ತದೆ.

ನನ್ನ ಮಟ್ಟಿಗೆ ಮೊದಲ ಕೆಲಸ ಸ್ಕ್ಯಾನರ್‌ದು. ಕೋಡ್ ಓದಿ ಅಳಿಸುವ ಅಗ್ಗದ ಬ್ಲೂಟೂತ್ ಡಬ್ಬಿ ಸಾಲದು. ವಾಲ್ವ್‌ಗಳಿಗೆ ಆಜ್ಞೆ ಕೊಡುವಂಥದ್ದು ಬೇಕು. ಕೆಲವು ಕಾರುಗಳಲ್ಲಿ ಇದು ನಡೆಯುವುದಿಲ್ಲ, ಕೊಳ್ಳುವ ಮೊದಲು ನೋಡಿಕೊಳ್ಳಿ. ಕೆಲಸ ಹೀಗೆ: ಇಂಜಿನ್ ಓಡುತ್ತಿರಲಿ, ಪರದೆಯಲ್ಲಿ ಟ್ಯಾಂಕ್ ಒತ್ತಡ ಕಾಣುತ್ತಿರಲಿ. ಕ್ಯಾನಿಸ್ಟರ್ ಅಂದರೆ ಟ್ಯಾಂಕಿನ ಆವಿ ಹಿಡಿದಿಡುವ ಇದ್ದಿಲ ಡಬ್ಬಿ. ಅದರ ಬಳಿಯ, ಹೊರಗಿನ ಗಾಳಿ ಬಿಡುವ ವೆಂಟ್ ವಾಲ್ವ್ ಮುಚ್ಚಿಸಿ; ಆವಿಯನ್ನು ಇಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆಸಿ. ಇಂಜಿನ್ ಎಳೆತಕ್ಕೆ ಒತ್ತಡ ಸೊನ್ನೆಗಿಂತ ಕೆಳಗೆ ಇಳಿಯಬೇಕು. ಐದಾರು ಇಂಚು ನೀರಿನಷ್ಟು (ಒತ್ತಡದ ಒಂದು ಸಣ್ಣ ಅಳತೆ) ಇಳಿದರೆ ಸಾಕು, ಪರ್ಜ್ ಮುಚ್ಚಿಸಿ. ಇನ್ನೂ ಎಳೆಯಲು ಬಿಡಬೇಡಿ.

ಈಗ ಅಂಕಿಯನ್ನೇ ನೋಡಿ. ಅಲ್ಲೇ ನಿಂತರೆ ಟ್ಯಾಂಕ್ ಕಡೆ ಗಟ್ಟಿ. ನಿಧಾನವಾಗಿ ಸೊನ್ನೆಯತ್ತ ಬಂದರೆ ಎಲ್ಲೋ ಸಣ್ಣ ಸೋರಿಕೆ. ಇಳಿಯಲೇ ಇಲ್ಲವಾದರೆ ದೊಡ್ಡ ತೂತು, ಬಿಟ್ಟುಹೋದ ಪೈಪ್, ಮುಚ್ಚದ ವೆಂಟ್ ಅಥವಾ ತೆರೆಯದ ಪರ್ಜ್. ನಮ್ಮ ಕಾರಿನಲ್ಲಿ ಕಂಡದ್ದೇ ಬೇರೆ. ವೆಂಟ್ ಮುಚ್ಚಿದ್ದಷ್ಟೇ, ಪರ್ಜ್‌ಗೆ ಆಜ್ಞೆಯನ್ನೇ ಕೊಟ್ಟಿರಲಿಲ್ಲ, ಅಂಕಿ ತಾನಾಗಿ ಇಳಿಯತೊಡಗಿತು. ಅಂದರೆ ಪರ್ಜ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಕ್ಯಾನಿಸ್ಟರ್ ಕಡೆಯ ಪೈಪ್ ಕಳಚಿ ವಾಲ್ವ್ ಬಾಯಿಗೆ ಬೆರಳು ಇಟ್ಟೆ, ಎಳೆತ ಗೊತ್ತಾಯಿತು. ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ತಕರಾರು ಮಾಡುತ್ತಿದ್ದದ್ದಕ್ಕೂ ಇದೇ ಕಾರಣ.

ಗ್ಯಾರೇಜಿನಲ್ಲಿ ಟ್ಯಾಂಕ್, ಪೈಪ್‌ಗಳೊಳಗೆ ಹೊಗೆ ಬಿಟ್ಟು ಎಲ್ಲಿ ಹೊರಬರುತ್ತದೆ ಎಂದು ನೋಡುವ ಹೊಗೆ ಪರೀಕ್ಷೆ ಇದನ್ನು ಹೇಳುತ್ತಿತ್ತಾ? ಅನುಮಾನ. ಪರ್ಜ್ ಮೂಲಕ ದಾಟಿದ ಹೊಗೆ ಇಂಜಿನ್ ಒಳಕ್ಕೆ ಹೋಗುತ್ತದೆ, ಹೊರಗೆ ಕಾಣುವುದಿಲ್ಲ. ಪೈಪ್ ಕಳಚಿ ನೋಡುವ ಮೆಕ್ಯಾನಿಕ್ ಸಿಕ್ಕರೆ ಮಾತ್ರ ಗೊತ್ತಾಗುತ್ತದೆ.

ಹಾಗಂತ ಹೊಗೆ ದಂಡ ಅಲ್ಲ. ಆಮೇಲೆ ಅದೇ ಕಾರಿಗೆ ಪಿ0456 ಬಂದಾಗ ಸ್ಕ್ಯಾನರ್ ‘ಸಣ್ಣ ಸೋರಿಕೆ ಇದೆ’ ಎಂದು ಹೇಳಿ ಸುಮ್ಮನಾಯಿತು. ಜಾಗ ತೋರಿಸಿದ್ದು ಗ್ಯಾರೇಜಿನ ಹೊಗೆ ಯಂತ್ರವೇ. ವೆಂಟ್ ಮುಚ್ಚಿ, ಒಂದು ಪಿಎಸ್‌ಐಗೂ ಕಡಿಮೆ ಒತ್ತಡದಲ್ಲಿ ಹೊಗೆ ಬಿಟ್ಟು, ಲಿಫ್ಟ್ ಮೇಲೆ ಟಾರ್ಚ್ ಹಿಡಿದು ನೋಡಿದರು. ಪೆಟ್ರೋಲ್ ತುಂಬುವ ಕೊಳವೆಗೆ ಬ್ರಾಕೆಟ್ ಕೂರುವ ಕಡೆ, ತುಕ್ಕಿನ ಪದರದ ಅಡಿಯಿಂದ, ಊದುಬತ್ತಿಯಂತೆ ಒಂದೇ ಎಳೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಲ್ಲಿ ಇದು ಮಾಮೂಲು. ಕೊಟ್ಟ ನೂರು ಚಿಲ್ಲರೆ ಡಾಲರ್ ಸಾರ್ಥಕ.

ಪೇಂಟ್ ಡಬ್ಬಿ, ಕರೆಂಟ್ ಕೊಟ್ಟರೆ ಕೆಂಪಗೆ ಕಾಯುವ ಗ್ಲೋ ಪ್ಲಗ್, ಬೇಬಿ ಆಯಿಲ್ ಸೇರಿಸಿ ಮನೆಯಲ್ಲೇ ಹೊಗೆ ಯಂತ್ರ ಮಾಡುವವರಿದ್ದಾರೆ. ನಾನೂ ಒಂದು ಮಾಡಿದ್ದೇನೆ. ಇಂಜಿನ್‌ಗೆ ಗಾಳಿ ಹೋಗುವ ಪೈಪ್‌ಗಳಲ್ಲಿ ಸೋರಿಕೆ ಹುಡುಕಲು ಚೆನ್ನಾಗಿದೆ. ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಹಚ್ಚುವುದಿಲ್ಲ. ಆವಿ ತುಂಬಿದ ಜಾಗಕ್ಕೆ ಗಾಳಿ ನುಗ್ಗಿಸುವುದು, ಪಕ್ಕದಲ್ಲೇ ಕೆಂಪಗೆ ಕಾದ ತಂತಿ. ಬೇಕಾ ಇದು? ಒಳ್ಳೆ ಗ್ಯಾರೇಜುಗಳು ಈ ಕೆಲಸಕ್ಕೆ ನೈಟ್ರೋಜನ್ ಬಳಸುವುದು ಸುಮ್ನೆ ಅಲ್ಲ.

ದೊಡ್ಡ ಸೋರಿಕೆಯ ಕೋಡ್ ಬಂದರೆ ಸ್ಕ್ಯಾನರ್, ತೀರಾ ಸಣ್ಣದಾದರೆ ನೇರ ಹೊಗೆ. ಮಧ್ಯದ ಪಿ0442ಕ್ಕೆ ನಾನು ಮೊದಲು ಸ್ಕ್ಯಾನರನ್ನೇ ಎತ್ತಿಕೊಳ್ಳುತ್ತೇನೆ.

ರಿಪೇರಿ ಆಗಿ ಕೋಡ್ ಅಳಿಸಿದ ಕೂಡಲೇ ಇನ್‌ಸ್ಪೆಕ್ಷನ್‌ಗೆ ಓಡಬೇಡಿ. ಮಾನಿಟರ್‌ಗಳೆಲ್ಲ, ಅಂದರೆ ಕಾರಿನ ಸ್ವಯಂ ಪರೀಕ್ಷೆಗಳೆಲ್ಲ, ಮತ್ತೆ ಮೊದಲಿಂದ ಶುರುವಾಗುತ್ತವೆ, ಆವಿಯದ್ದು ಸಾಮಾನ್ಯವಾಗಿ ಕೊನೆಗೆ. 2001 ಮತ್ತು ನಂತರದ ಕಾರಾದರೆ ಅದೊಂದು ಬಾಕಿ ಇದ್ದರೂ ನಡೆಯುತ್ತದೆ.