ಚಾಕಿ ಮನೆಗೆ ಸೆನ್ಸರ್: ಎರಡು ವರ್ಷದ ಬಳಕೆಯ ನಂತರ

ಶಿಡ್ಲಘಟ್ಟದ ಹತ್ತಿರ ನಮ್ಮದೊಂದು ಚಾಕಿ ಕೇಂದ್ರ ಇದೆ. ಮೊಟ್ಟೆ ಒಡೆದಾಗಿನಿಂದ ಎರಡನೇ ಜ್ವರದವರೆಗೆ (ಹುಳು ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತೇವೆ) ರೇಷ್ಮೆ ಹುಳು ಸಾಕಿ ರೈತರಿಗೆ ಕೊಡುತ್ತೇವೆ. ಹುಳು ಸಾಕುವ ಕೋಣೆಯ ಶಾಖ, ತೇವಾಂಶ ನೋಡಿಕೊಳ್ಳಲು ಒಂದು ಸೆನ್ಸರ್ ಕಿಟ್ ಹಾಕಿಸಿದ್ದೇವೆ. ಅದರಲ್ಲಿ ಇರುವುದು ನಾಲ್ಕು ಸೆನ್ಸರ್, ಸಿಮ್ ಹಾಕುವ ಒಂದು ಪೆಟ್ಟಿಗೆ, ಹೀಟರ್‌ಗೂ ಹ್ಯುಮಿಡಿಫೈಯರ್‌ಗೂ ರಿಲೇ (ತಾನೇ ಆನ್-ಆಫ್ ಮಾಡುವ ಸ್ವಿಚ್), ಮೊಬೈಲ್‌ನಲ್ಲಿ ಆ್ಯಪ್. ಹೊಸದರಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತೆ ಅಲ್ವಾ, ಅದಕ್ಕೇ ಎರಡು ಬೇಸಿಗೆ, ಎರಡು ಚಳಿಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ.

ಮರಿ ಹುಳುವಿಗೆ 27-28 ಡಿಗ್ರಿ ಶಾಖ ಬೇಕು, ತೇವಾಂಶ ಶೇ. 85-90 ಇರಬೇಕು. ಮೊದಲೆಲ್ಲ ಗೋಡೆಯ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ. ರಾತ್ರಿ ಒಂದು, ಮೂರು, ಐದು ಗಂಟೆ ಮೂರಕ್ಕೂ 27 ಅಂತ ಒಂದೇ ಪೆನ್ನಲ್ಲಿ, ಒಂದೇ ಸಾಲಲ್ಲಿ ಬರೆದಿರುತ್ತಿತ್ತು! ಪಾಪ, ಹಗಲೆಲ್ಲ ಸೊಪ್ಪು ಕತ್ತರಿಸಿದವರು ರಾತ್ರಿಯೂ ಎದ್ದು ಕೂರಬೇಕು ಅಂದರೆ ಹೇಗೆ?

ಸೆನ್ಸರ್ ಹಾಕಿದ ಮೊದಲ ಚಳಿಗಾಲದಲ್ಲೇ ವಿಷಯ ಗೊತ್ತಾಯಿತು. ಬೆಳಗಿನ ಜಾವ ಬಾಗಿಲ ಪಕ್ಕದ ಕೆಳಗಿನ ತಟ್ಟೆಗಳಲ್ಲಿ 23ಕ್ಕೆ ಇಳಿಯುತ್ತಿತ್ತು. ಮೇಲಿನ ತಟ್ಟೆಗಳು ಮಾತ್ರ ಬೆಚ್ಚಗೇ ಇದ್ದವು. ತಣ್ಣಗಿದ್ದ ಕಡೆ ಹುಳು ನಿಧಾನ. ಒಂದೇ ದಿನ ಒಡೆದ ಮೊಟ್ಟೆ, ಆದರೂ ಅರ್ಧ ಹುಳು ಜ್ವರಕ್ಕೆ ಕೂತರೆ ಇನ್ನರ್ಧ ಸೊಪ್ಪು ತಿನ್ನುತ್ತಾ ಇರುತ್ತಿದ್ದವು. ರೈತರು ಜಾಸ್ತಿ ಬೈಯುವುದು ಇದಕ್ಕೇ. ಬಾಗಿಲಿಗೆ ದಪ್ಪ ಪರದೆ ಹಾಕಿ, ಹೀಟರ್ ಜಾಗ ಬದಲಿಸಿದೆವು, ಅಷ್ಟೇ. ಈಗ ಹುಳು ಹೆಚ್ಚುಕಡಿಮೆ ಒಟ್ಟಿಗೆ ಜ್ವರದಿಂದ ಏಳುತ್ತವೆ. ಪರದೆಯ ಖರ್ಚು ಸೆನ್ಸರ್ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಆದರೆ ಪರದೆ ಎಲ್ಲಿ ಬೇಕು ಅಂತ ತೋರಿಸಿದ್ದು ಸೆನ್ಸರ್. ಒಂದು ಮಾತು: ಸೆನ್ಸರ್ ಅನ್ನು ಗೋಡೆಗೆ ನೇತು ಹಾಕಬೇಡಿ. ವೈರ್ ಎಳೆದು ತಟ್ಟೆಗಳ ನಡುವೆ ಇಡಿ. ಗೋಡೆಯ ಶಾಖವೇ ಬೇರೆ, ಹುಳುವಿನ ಶಾಖವೇ ಬೇರೆ.

ಇನ್ನೊಂದು ಲಾಭ ನಾವು ಎಣಿಸಿರಲಿಲ್ಲ. ಬೆಳೆ ಕೈಕೊಟ್ಟರೆ ಮೊದಲ ಫೋನ್ ಬರುವುದೇ ನಮಗೆ. "ಅಣ್ಣಾ, ನಿಮ್ಮ ಚಾಕಿನೇ ಸರಿ ಇರ್ಲಿಲ್ಲ." ಈಗ ಆ ಬ್ಯಾಚಿನ ಗ್ರಾಫ್ ವಾಟ್ಸಾಪ್ ಮಾಡುತ್ತೇವೆ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತೆ. ಹಾಗಂತ ರೋಗ ಇರಲಿಲ್ಲ ಅಂತ ಗ್ರಾಫ್ ಹೇಳುವುದಿಲ್ಲ. ಶಾಖ, ತೇವಾಂಶ ಸರಿ ಇತ್ತು ಅಂತ ಮಾತ್ರ.

ಈಗ ತಕರಾರು. ಹ್ಯುಮಿಡಿಫೈಯರ್ ತಾನೇ ಆನ್-ಆಫ್ ಆಗುತ್ತೆ ಅಂತ ಮಾರಿದ್ದರು. ಆಗುತ್ತೆ ನಿಜ. ಆದರೆ ಹುಳು ಜ್ವರಕ್ಕೆ ಕೂತಾಗ ತೇವಾಂಶ ಶೇ. 70ರ ಆಸುಪಾಸಿಗೆ ಇಳಿಸಿ, ಸುಣ್ಣ ಉದುರಿಸಿ, ತಟ್ಟೆಯ ಸೊಪ್ಪಿನ ಹಾಸಿಗೆ ಒಣಗಿಸಬೇಕು. ಆ್ಯಪ್‌ಗೆ ಜ್ವರ ಅಂದರೆ ಏನು ಗೊತ್ತು? ಒಣಗಬೇಕಾದ ಹೊತ್ತಲ್ಲಿ ಹಬೆ ಬಿಡುತ್ತಾ ನಿಲ್ಲುತ್ತೆ. ಆ ರಿಲೇ ಬಿಚ್ಚಿಟ್ಟಿದ್ದೇವೆ. ಹೀಟರ್ ರಿಲೇ ಮಾತ್ರ ಚೆನ್ನಾಗಿದೆ.

ಸೋಂಕು ನಿವಾರಣೆಯ ಔಷಧಿ ಹೊಡೆಯುವ ಮುಂಚೆ ಸೆನ್ಸರ್ ಬಿಚ್ಚಿ ಹೊರಗಿಡಬೇಕು. ಕ್ಲೋರಿನ್, ಫಾರ್ಮಲಿನ್ ಹೊಗೆಗೆ ತೇವಾಂಶದ ಸೆನ್ಸರ್ ದಾರಿ ತಪ್ಪುತ್ತೆ. ಪರೀಕ್ಷೆಗೆ ಸುಲಭದ ದಾರಿ ಇದೆ. ಗಾಳಿಯಾಡದ ಡಬ್ಬಿಯಲ್ಲಿ ಒಂದು ಬಟ್ಟಲು ಅಡುಗೆ ಉಪ್ಪು ಇಟ್ಟು, ಪೂರ್ತಿ ಕರಗದಷ್ಟು, ಕೆಸರಿನ ಹಾಗೆ ನೀರು ಹಾಕಿ. ಪಕ್ಕದಲ್ಲಿ ಉಪ್ಪಿಗೆ ತಾಗದಂತೆ ಸೆನ್ಸರ್ ಇಟ್ಟು ಮುಚ್ಚಿ. ಒಂದು ರಾತ್ರಿ ಬಿಟ್ಟರೆ ಶೇ. 75ರ ಹತ್ತಿರ ತೋರಿಸಬೇಕು. ನಮ್ಮ ಒಂದು ಸೆನ್ಸರ್ 86 ತೋರಿಸಿತು, ಬದಲಿಸಿದೆವು.

ಮಾರಿದವರ ಸರ್ವಿಸ್ ಮೊದಲ ವರ್ಷ ಜೋರಾಗಿತ್ತು, ಆಮೇಲೆ ಫೋನ್ ಎತ್ತುವುದೇ ಕಷ್ಟ. ಎರಡನೇ ವರ್ಷದಿಂದ ಆ್ಯಪ್‌ಗೆ ಚಂದಾ ಬೇರೆ. ಕಟ್ಟದಿದ್ದರೆ ಹಳೆಯ ದಾಖಲೆ ಕಾಣುವುದಿಲ್ಲ, ಹಾಗಾಗಿ ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳುತ್ತೇವೆ. ಆ್ಯಪ್‌ನಲ್ಲಿ ಕನ್ನಡ ಇಲ್ಲ.

ನೂರಿನ್ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪೇ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ) ಮೇಯಿಸುವ ರೈತರಿಗೆ ಇದು ಸುಮ್ನೆ ಖರ್ಚು, ಒಳ್ಳೆಯ ಥರ್ಮಾಮೀಟರ್ ಸಾಕು. ಚಾಕಿ ಕೇಂದ್ರ ನಡೆಸುವವರು ತಗೊಳ್ಳಬಹುದು. ಮಾರುವವರನ್ನು ಎರಡು ವಿಷಯ ಕೇಳಿ. ಶಾಖ ಇಳಿದಾಗ ಬರೀ ಮೆಸೇಜಾ, ಫೋನ್ ರಿಂಗ್ ಆಗುತ್ತಾ? ಕರೆಂಟ್ ಹೋಗಿ ಪೆಟ್ಟಿಗೆಯೇ ಬಂದ್ ಆದರೆ ಅದನ್ನು ನಮಗೆ ಯಾರು ತಿಳಿಸುತ್ತಾರೆ?