ಪೋರ್ಚುಗಲ್ ಒಳನಾಡಿನಲ್ಲಿ ಸಣ್ಣ ಹೋಟೆಲ್ ಬುಕ್ ಮಾಡೋ ಮುಂಚೆ ಇದನ್ನು ಓದಿ

ಪೋರ್ಚುಗಲ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಲಿಸ್ಬನ್, ಪೋರ್ಟೊ, ಬೀಚು, ಬಿಸಿಲು. ಚಳಿಗಾಲದಲ್ಲಿ, ಅದೂ ಒಳನಾಡಿನ ಕಡೆಗೆ, ವಯಸ್ಸಾದ ಅಪ್ಪ ಅಮ್ಮನನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದ ಆಗಿದೆ, ಗೊತ್ತು. ನಮಗೆ ಆದದ್ದು ಇನ್ನೊಂದು ಮನೆಯವರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ. ಹೋಟೆಲಿನ ಹೆಸರು, ಹಳ್ಳಿಯ ಹೆಸರು ಹಾಕುತ್ತಿಲ್ಲ, ದೂರು ಇನ್ನೂ ನಡೆಯುತ್ತಿದೆ.

ನಾವು ಇರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಅಪ್ಪ ಅಮ್ಮ ಮೂಡಿಗೆರೆಯಿಂದ ಬಂದಿದ್ದರು. ಅಪ್ಪನಿಗೆ ಬೆಲ್ಮೊಂತ್ ಊರು ನೋಡಬೇಕಿತ್ತು. ಪೆದ್ರು ಆಲ್ವಾರಿಶ್ ಕಬ್ರಾಲ್ ಹುಟ್ಟಿದ ಊರು ಅದು. 1500ರಲ್ಲಿ ಬ್ರೆಜಿಲ್ ದಡ ಮುಟ್ಟಿ, ಅದೇ ವರ್ಷ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿ, ಆಮೇಲೆ ಕ್ಯಾಲಿಕಟ್‌ಗೆ ಹೋದನಲ್ಲ, ಅವನೇ. ಅಪ್ಪ ಕಾರವಾರದಲ್ಲಿ ಕೆಲಸ ಮಾಡಿದವರು, ಹಾಗಾಗಿ ಈ ಆಸೆ ಹಳೆಯದು. ಲಿಸ್ಬನ್‌ನಿಂದ ರೈಲಿನಲ್ಲಿ ಬೆಲ್ಮೊಂತ್ ಕಡೆಯ ಗ್ವಾರ್ದಾ ಊರಿಗೆ, ಅಲ್ಲಿಂದ ಹತ್ತಿರದ ಒಂದು ಹಳ್ಳಿಯಲ್ಲಿ ಮನೆಮಂದಿಯೇ ನಡೆಸುವ ಸಣ್ಣ ಹೋಟೆಲಲ್ಲಿ ವಾಸ್ತವ್ಯ, ಇದು ನಮ್ಮ ಪ್ಲಾನ್.

ರೈಲು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತೇಜು ನದಿಯ ದಡದಲ್ಲೇ ತುಂಬಾ ದೂರ ಹೋಗುತ್ತದೆ. ಕೊವಿಲ್ಯಾದಿಂದ ಗ್ವಾರ್ದಾವರೆಗಿನ ಹಳಿ 2009ರಲ್ಲಿ ಮುಚ್ಚಿತ್ತು, 2021ರಲ್ಲಿ ಮತ್ತೆ ಶುರುವಾಯಿತು, ಹಳೇ ಪ್ರವಾಸಿ ಪುಸ್ತಕಗಳಲ್ಲಿ ಈ ದಾರಿ ಇಲ್ಲ ಅಂತಲೇ ಇರುತ್ತದೆ. ಆದರೆ ಒಂದು ತಿಳಿದಿರಲಿ, ಗ್ವಾರ್ದಾ ಸ್ಟೇಷನ್ ಊರೊಳಗೆ ಇಲ್ಲ. ಊರು ಗುಡ್ಡದ ಮೇಲೆ, ಸ್ಟೇಷನ್ ಕೆಳಗೆ ಕೆಲವು ಕಿಲೋಮೀಟರ್ ದೂರ.

ತೊಂದರೆ ಶುರುವಾದದ್ದು ಹೊರಡುವ ಮುಂಚೆಯೇ. ಹೋಟೆಲಿನವರಿಂದ ಮೆಸೇಜ್ ಬಂತು, ಬುಕಿಂಗ್ ಕ್ಯಾನ್ಸಲ್ ಮಾಡಿ, ನೇರವಾಗಿ ನಮ್ಮ ಬ್ಯಾಂಕ್ ಖಾತೆಗೆ ಹಾಕಿ, ಕಡಿಮೆಗೆ ಕೊಡುತ್ತೇವೆ ಅಂತ. ನಾವು ಒಪ್ಪಲಿಲ್ಲ. ನೀವೂ ಒಪ್ಪಬೇಡಿ. ನಾಳೆ ಏನಾದರೂ ಆದರೆ ಕೇಳಲು ದಾಖಲೆಯೇ ಇರುವುದಿಲ್ಲ. ಸ್ಟೇಷನ್‌ನಿಂದ ಹೇಗೆ ಬರುವುದು ಅಂತ ಕೇಳಿದ್ದಕ್ಕೆ "ಬಸ್ ಇದೆ, ಆರಾಮಾಗಿ ಬನ್ನಿ" ಅಂದರು. ನಾವು ಇಳಿದದ್ದು ಶನಿವಾರ. ಆ ಹಳ್ಳಿಯ ಬಸ್ ಓಡುವುದು ಸ್ಕೂಲ್ ಇರುವ ದಿನ ಮಾತ್ರ! ಒಳನಾಡಿನ ಎಷ್ಟೋ ಹಳ್ಳಿಗಳಲ್ಲಿ ಹೀಗೇ. ಟೈಮ್‌ಟೇಬಲ್‌ನಲ್ಲಿ 'ಪೆರೀಯೊದು ಎಸ್ಕೊಲಾರ್' ಅಂತ ಇದ್ದರೆ ಅದು ಸ್ಕೂಲ್ ನಡೆಯುವ ದಿನಗಳ ಬಸ್, 'ದೀಯಸ್ ಊತೈಶ್' ಅಂತ ಇದ್ದರೆ ಸೋಮವಾರದಿಂದ ಶುಕ್ರವಾರ. ಅಲ್ಲೇ ಹುಟ್ಟಿ ಬೆಳೆದ ಹೋಟೆಲಿನವರಿಗೆ ಇದು ಗೊತ್ತಿರಲೇಬೇಕು, ಅಲ್ವಾ? ಟ್ಯಾಕ್ಸಿ ಹಿಡಿದು ಹೋದೆವು. ಲಿಸ್ಬನ್‌ನಲ್ಲಿ ಆ್ಯಪ್ ಒತ್ತಿದ ಹಾಗೆ ಅಲ್ಲಿ ಕಾರು ಬರಲ್ಲ, ಸ್ಟೇಷನ್ ಹೊರಗೆ ನಿಂತ ಟ್ಯಾಕ್ಸಿಯೇ ಗತಿ.

ಹೋದರೆ ಹೋಟೆಲಿಗೆ ಬೀಗ. ಫೋನ್ ಮಾಡಿದ ಮೇಲೆ ಒಬ್ಬ ಯಜಮಾನರು ಬಂದರು. ಛಾವಣಿ ರಿಪೇರಿ ಇದೆ, ನಿಮಗೆ ಬೇರೆ ಮನೆ ಕೊಡುತ್ತೇನೆ, ಅದೂ ನಮ್ಮದೇ ಅಂತ ಕತ್ತಲಲ್ಲಿ ಕಲ್ಲುಹಾಸಿನ ಓಣಿಯಲ್ಲಿ ಇಳಿಸಿಕೊಂಡು ಹೋದರು. ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಮೇಲೆ ಮೆಟ್ಟಿಲು. ಫೋಟೋದಲ್ಲಿ ನೋಡಿ ಬುಕ್ ಮಾಡಿದ್ದ ನೆಲಮಹಡಿಯ ಕೋಣೆ ಎಲ್ಲಿ, ಇದೆಲ್ಲಿ. ಯಾರೋ ನೆಂಟರ ಮನೆ ಅದು. ಕಪಾಟಿನಲ್ಲಿ ಅವರ ಬಟ್ಟೆ ಹಾಗೇ ಇತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಪೋರ್ಚುಗಲ್‌ನಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆ, ಸಣ್ಣ ವಸತಿಗಳಿಗೆ 'ಅಲೊಜಮೆಂತು ಲೊಕಾಲ್' ಅಂತ ನೋಂದಣಿ ಇರುತ್ತದೆ. ನಂಬರಿನ ಕೊನೆಯಲ್ಲಿ ಎ.ಎಲ್. ಅಂತ ಇರುತ್ತದೆ, ಜಾಹೀರಾತಿನಲ್ಲಿ ಆ ನಂಬರ್ ಹಾಕಲೇಬೇಕು, ಸರ್ಕಾರಿ ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಬಹುದು, ಯಾವ ವಿಳಾಸಕ್ಕೆ ಕೊಟ್ಟಿದ್ದು ಅಂತಲೂ ಕಾಣುತ್ತದೆ. ಬಾಗಿಲ ಪಕ್ಕ ಸಾಮಾನ್ಯವಾಗಿ ಎ.ಎಲ್. ಅಕ್ಷರಗಳ ಫಲಕವೂ ಇರುತ್ತದೆ. ನಮ್ಮನ್ನು ಮಲಗಿಸಿದ ಮನೆಗೆ ಫಲಕವೂ ಇರಲಿಲ್ಲ, ಆ ವಿಳಾಸ ಪಟ್ಟಿಯಲ್ಲೂ ಇರಲಿಲ್ಲ. ಬುಕಿಂಗ್‌ನಲ್ಲಿ ತೋರಿಸಿದ್ದ ನಂಬರ್, ಬೀಗ ಹಾಕಿದ್ದ ಆ ಹೋಟೆಲ್ ಕಟ್ಟಡದ್ದು.

ಇದು ಬರೀ ಕಾಗದದ ವಿಷಯ ಅಂದುಕೊಳ್ಳಬೇಡಿ. ವಿದೇಶಿಯರು ಬಂದು ಉಳಿದರೆ ಅವರ ಪಾಸ್‌ಪೋರ್ಟ್ ವಿವರವನ್ನು 3 ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ಕಳಿಸುವುದು ವಸತಿ ನಡೆಸುವವರ ಕರ್ತವ್ಯ. ನಮ್ಮ ಅಪ್ಪ ಅಮ್ಮನ ಹಾಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು, ಷೆಂಗೆನ್ (ತಮ್ಮೊಳಗೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) ಒಳಗಿಂದಲೇ ಪೋರ್ಚುಗಲ್‌ಗೆ ಬಂದವರಿಗೆ ಲಿಸ್ಬನ್‌ನಲ್ಲಿ ಪಾಸ್‌ಪೋರ್ಟ್ ತಪಾಸಣೆಯೇ ಇರುವುದಿಲ್ಲ. ಅಂಥವರು ಬಂದ 3 ಕೆಲಸದ ದಿನಗಳಲ್ಲಿ ತಾವು ಬಂದಿದ್ದೇವೆ ಅಂತ ತಾವೇ ಅಧಿಕಾರಿಗಳಿಗೆ ತಿಳಿಸಬೇಕು. ನೋಂದಾಯಿತ ಹೋಟೆಲಲ್ಲಿ ಉಳಿದರೆ ಹೋಟೆಲಿನವರ ವರದಿಯೇ ಸಾಕು. ಈ ಯಜಮಾನರು ಪಾಸ್‌ಪೋರ್ಟ್ ಕೈಗೂ ತಗೊಳ್ಳಲಿಲ್ಲ. ನಾನು ಕೊಡಲು ಹೋದರೆ ಬೇಡ ಬೇಡ ಅಂದರು. ಊರಿಂದ ಬಂದ ತಂದೆ ತಾಯಿಯ ವೀಸಾ ವಿಷಯದಲ್ಲಿ ಯಾರೂ ಹೀಗೆ ಚೆಲ್ಲಾಟ ಆಡಬಾರದು.

ಇನ್ನು ಚಳಿ. ಗ್ವಾರ್ದಾ ಇರುವುದು 1056 ಮೀಟರ್ ಎತ್ತರದಲ್ಲಿ, ಹೆಚ್ಚುಕಮ್ಮಿ ನಮ್ಮ ಚಿಕ್ಕಮಗಳೂರಿನಷ್ಟೇ. ಆದರೆ ಜನವರಿ ರಾತ್ರಿ ಅಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಹಿಂದೆಯೇ 1993 ಮೀಟರ್‌ನ ಸೆರ್ರಾ ದ ಎಸ್ತ್ರೇಲಾ ಬೆಟ್ಟ, ಮೇಲೆ ಹಿಮ. ಹಳ್ಳಿ ಮನೆಗಳು ದಪ್ಪ ಗ್ರಾನೈಟ್ ಗೋಡೆಯವು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಹೊರಗಿಗಿಂತ ಒಳಗೇ ಚಳಿ ಜಾಸ್ತಿ. ನೆದರ್ಲೆಂಡ್ಸ್, ಜರ್ಮನಿಯಲ್ಲಿ ಇರುವ ನಮಗೆ ಮನೆ ಅಂದರೆ ರೇಡಿಯೇಟರ್ ಇದ್ದೇ ಇರುತ್ತದೆ ಅನ್ನೋ ಅಭ್ಯಾಸ. ಪೋರ್ಚುಗಲ್‌ನ ಹಳೇ ಮನೆಗಳಲ್ಲಿ ಅದು ಇರುವುದು ಅಪರೂಪ. ಬುಕಿಂಗ್‌ನಲ್ಲಿ 'ಹೀಟಿಂಗ್ ಇದೆ' ಅಂತ ಬರೆದಿದ್ದರು. ಇದ್ದದ್ದು ಮಂಚದ ಪಕ್ಕ ಒಂದು ಚಕ್ರದ ಆಯಿಲ್ ಹೀಟರ್. ಅದಕ್ಕೂ ರಾತ್ರಿಗೆ ಇಷ್ಟು ಅಂತ ಬೇರೆ ದುಡ್ಡು, ಕ್ಯಾಷ್, ಬಿಲ್ ಇಲ್ಲ.

ಹಾಸಿಗೆ ಮುಟ್ಟಿದರೆ ಒದ್ದೆಯೋ ತಣ್ಣಗಿದೆಯೋ ಗೊತ್ತಾಗುತ್ತಿರಲಿಲ್ಲ. ಕಿಟಕಿಯ ಕೆಳಗೆ ಸುಣ್ಣ ಉಬ್ಬಿ ಕಪ್ಪು ಬೂಷ್ಟು ಹಿಡಿದಿತ್ತು. ಅಮ್ಮ ಸ್ವೆಟರ್ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ಕೂತಿದ್ದರು. ಅವರು ಬಿಸಿನೀರು ಬಿಟ್ಟ ತಕ್ಷಣ ಇಡೀ ಮನೆ ಕತ್ತಲು. ಅಲ್ಲಿ ಪ್ರತಿ ಮನೆಗೂ ಇಷ್ಟೇ ವಿದ್ಯುತ್ ಒಮ್ಮೆಲೇ ಎಳೆಯಬಹುದು ಅಂತ ಕರಾರು ಇರುತ್ತದೆ, ಸಾಮಾನ್ಯವಾಗಿ 3.45 ಕೆ.ವಿ.ಎ., ಅಂದರೆ ಹೆಚ್ಚುಕಮ್ಮಿ 3450 ವ್ಯಾಟ್. 2000 ವ್ಯಾಟ್ ಹೀಟರ್, 1500 ವ್ಯಾಟ್ ಗೀಸರ್ ಸೇರಿದರೆ ಅಲ್ಲಿಗೆ ಮುಗಿಯಿತು. ಮೊಬೈಲ್ ಟಾರ್ಚ್ ಹಿಡಿದು ಬ್ರೇಕರ್ ಎತ್ತುವುದು, ಮತ್ತೆ ಬೀಳುವುದು.

ಯಜಮಾನರಿಗೆ ಮತ್ತೆ ಫೋನ್ ಮಾಡಿದೆ. ಅವರು ತಂದುಕೊಟ್ಟಿದ್ದು ನೋಡಿ ನನಗೆ ನಿಜವಾಗಲೂ ಕೈಕಾಲು ನಡುಗಿತು. ಗ್ಯಾಸ್ ಹೀಟರ್. ಹಿಂದಿನ ಗೂಡಿನಲ್ಲಿ ಬ್ಯೂಟೇನ್ ಸಿಲಿಂಡರ್, ಮುಂದೆ ಕೆಂಪಗೆ ಉರಿಯುವ ಪ್ಲೇಟು, ಹೊಗೆ ಹೊರಗೆ ಹೋಗಲು ಕೊಳವೆ ಇಲ್ಲ. ಅದನ್ನು ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ ಹಚ್ಚಿಕೊಂಡು ಮಲಗಿ ಅಂದರು! ಬೆಂಗಳೂರಲ್ಲಿ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ನಾವೆಲ್ಲ ಓದಿದ್ದೇವೆ. ಇದೂ ಅದೇ ವಿಷ, ಕಾರ್ಬನ್ ಮೊನಾಕ್ಸೈಡ್, ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದೇ ಇಲ್ಲ. ದಯವಿಟ್ಟು, ಎಷ್ಟೇ ಚಳಿ ಇರಲಿ, ಯಾರು ಎಷ್ಟೇ ಪ್ರೀತಿಯಿಂದ ತಂದುಕೊಡಲಿ, ಗ್ಯಾಸ್ ಹೀಟರ್ ಆಗಲಿ ಕೆಂಡದ ಅಗ್ಗಿಷ್ಟಿಕೆ ಆಗಲಿ ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳಬೇಡಿ. ಅದನ್ನು ಹೊರಗಿಡಿಸಿದೆ. ನಾಲ್ಕೂ ಜನ ಒಂದೇ ಕೋಣೆಯಲ್ಲಿ, ಗೀಸರ್ ಆರಿಸಿ, ಆ ಒಂದು ಆಯಿಲ್ ಹೀಟರ್ ಸುತ್ತ ರಾತ್ರಿ ಕಳೆದೆವು. ಅಪ್ಪ ಬೆಳಗಿನವರೆಗೆ ಕೆಮ್ಮುತ್ತಲೇ ಇದ್ದರು.

ಬೆಳಿಗ್ಗೆ ಹೊರಟೆವು. ಉಳಿದ ರಾತ್ರಿಗಳ ದುಡ್ಡು ವಾಪಸ್ ಕೊಡಲ್ಲ ಅಂದರು. ಹಾಗಾದರೆ ದೂರು ಪುಸ್ತಕ ಕೊಡಿ ಅಂದೆ. ಇದನ್ನು ನೆನಪಿಟ್ಟುಕೊಳ್ಳಿ: 'ಲೀವ್ರು ದ ರೆಕ್ಲಮಸೋಯ್ಸ್'. ಪೋರ್ಚುಗಲ್‌ನಲ್ಲಿ ಜನರಿಗೆ ಸೇವೆ ಕೊಡುವ ಹೋಟೆಲ್, ಅಂಗಡಿ, ವರ್ಕ್‌ಶಾಪ್ ಎಲ್ಲರೂ ಈ ಪುಸ್ತಕ ಇಟ್ಟಿರಲೇಬೇಕು, ಕೇಳಿದ ಗ್ರಾಹಕರಿಗೆ ಕೂಡಲೇ ಕೊಡಲೇಬೇಕು. 2005ರ ಕಾನೂನು. ಪುಸ್ತಕ ಅಂದ ಕೂಡಲೇ ಅವರ ದನಿ ಬದಲಾಯಿತು. ಮೊದಲು ಇಲ್ಲ ಅಂದರು, ಆಮೇಲೆ ಮಗಳ ಹತ್ತಿರ ಇದೆ ಅಂದರು, ಆಮೇಲೆ ನಾಳೆ ಬನ್ನಿ ಅಂದರು. ಕೊಡದಿದ್ದರೆ ಪೊಲೀಸರನ್ನು ಕರೆಯುವ ಹಕ್ಕು ನಮಗಿದೆ. ಹಳ್ಳಿಗಳಲ್ಲಿ ಅದು ಜಿ.ಎನ್.ಆರ್., ಪಟ್ಟಣಗಳಲ್ಲಿ ಪಿ.ಎಸ್.ಪಿ. ನಾನು ಜಿ.ಎನ್.ಆರ್.ಗೆ ಫೋನ್ ಮಾಡುತ್ತೇನೆ ಅಂತ ಮೊಬೈಲ್ ತೆಗೆದ ಮೇಲೆ ಪುಸ್ತಕ ಬಂತು.

ನಾನು ಇಂಗ್ಲಿಷಲ್ಲೇ ಬರೆದೆ. ಹಾಳೆ ಮೂರು ಪ್ರತಿ ಇರುತ್ತದೆ. ಒಂದು ನಿಮ್ಮ ಕೈಗೆ, ಒಂದು ಪುಸ್ತಕದಲ್ಲೇ ಉಳಿಯುತ್ತದೆ, ಮೂಲ ಪ್ರತಿಯನ್ನು ಅವರು 15 ಕೆಲಸದ ದಿನಗಳಲ್ಲಿ ಮೇಲಿನ ಇಲಾಖೆಗೆ ಕಳಿಸಬೇಕು. ವಸತಿ ವಿಷಯದಲ್ಲಿ ಅದು ಎ.ಎಸ್.ಎ.ಇ. ಅನ್ನೋ ಸರ್ಕಾರಿ ತಪಾಸಣಾ ಸಂಸ್ಥೆ. ನಿಮ್ಮ ಪ್ರತಿ ತೆಗೆದುಕೊಳ್ಳದೆ ಅಲ್ಲಿಂದ ಕದಲಬೇಡಿ. ಇದೇ ದೂರನ್ನು ಸರ್ಕಾರಿ ವೆಬ್‌ಸೈಟಿನಲ್ಲಿ ಮನೆಗೆ ಬಂದ ಮೇಲೂ ಹಾಕಬಹುದು, ಆದರೆ ಅಲ್ಲೇ ನಿಂತು ಬರೆದರೆ ಅದರ ತೂಕವೇ ಬೇರೆ ಅಂತ ನನ್ನ ಅನಿಸಿಕೆ. ಬುಕಿಂಗ್ ಕಂಪನಿಗೂ ಬೀಗದ ಫೋಟೋ, ಬೂಷ್ಟಿನ ಫೋಟೋ, ಬೇರೆ ವಿಳಾಸದ ಬಾಗಿಲಿನ ಫೋಟೋ ಎಲ್ಲ ಕಳಿಸಿದೆ. ಕಾರ್ಡಿನಲ್ಲಿ ಅವರ ಮೂಲಕವೇ ಕಟ್ಟಿದ್ದರಿಂದ ಕೋಣೆಯ ದುಡ್ಡು ವಾಪಸ್ ಬಂತು. ಹೀಟರಿನ ಕ್ಯಾಷ್ ಹೋಯಿತು.

ಹೀಗಂತ ಮನೆಮಂದಿ ನಡೆಸುವ ಹೋಟೆಲುಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಆಮೇಲೆ ಗ್ವಾರ್ದಾ ಊರೊಳಗೆ ಉಳಿದದ್ದೂ ಅಂಥದ್ದೇ ಒಂದು ಜಾಗ. ಅಲ್ಲಿನ ಅಮ್ಮ ಒಳಗೆ ಬಿಡುವ ಮುಂಚೆಯೇ ಪಾಸ್‌ಪೋರ್ಟ್ ಕೇಳಿದರು, ಗೋಡೆಯ ರೇಡಿಯೇಟರ್ ಮುಟ್ಟಿಸಿ ತೋರಿಸಿದರು, ಹೀಟರ್ ಹೆಚ್ಚಿಗೆ ಬೇಕಾದರೆ ದುಡ್ಡಿಲ್ಲ ಅಂದರು. ಅಪ್ಪ ಕೊನೆಗೂ ಬೆಲ್ಮೊಂತ್ ಕೋಟೆ ನೋಡಿದರು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಒಂದು ಮಾತು. 'ಸೆಂ ಕಾರ್ನೆ', ಅಂದರೆ ಮಾಂಸ ಬೇಡ, ಅಂತಷ್ಟೇ ಹೇಳಿದರೆ ಮೀನು ಬರಬಹುದು. ಆಲೂಗಡ್ಡೆ ಮತ್ತು ಸೊಪ್ಪಿನ ಕಾಲ್ದು ವೆರ್ದ್ ಸೂಪಿನಲ್ಲಿ ಹಂದಿ ಸಾಸೇಜಿನ ಬಿಲ್ಲೆ ತೇಲುತ್ತಿರುತ್ತದೆ. ಸೆರ್ರಾ ದ ಎಸ್ತ್ರೇಲಾದ ಕುರಿಹಾಲಿನ ಚೀಸ್ ಮಾತ್ರ ಧೈರ್ಯವಾಗಿ ತಿನ್ನಿ, ಅದನ್ನು ಹೆಪ್ಪು ಹಾಕುವುದು ಮುಳ್ಳುಗಿಡದ ಹೂವಿನಿಂದ, ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಅದರಲ್ಲಿಲ್ಲ. ಭಾನುವಾರ ರಾತ್ರಿ ಸಣ್ಣ ಊರುಗಳಲ್ಲಿ ಎಷ್ಟೋ ಕಡೆ ಊಟವೇ ಸಿಗಲ್ಲ, ಅವಲಕ್ಕಿ ಚಟ್ನಿಪುಡಿ ಜೊತೆಗಿರಲಿ. ಕೆಲವು ಅಂಗಡಿಗಳು ಅಲ್ಲಿನ ಮಲ್ಟಿಬಾಂಕು ಕಾರ್ಡ್ ಮಾತ್ರ ತಗೊಳ್ಳುತ್ತವೆ, ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ನಡೆಯಲ್ಲ, ಸ್ವಲ್ಪ ನೋಟೂ ಇರಲಿ.

ಬುಕ್ ಮಾಡುವ ಮುಂಚೆ ಆ ವೆಬ್‌ಸೈಟಿನ ಮೆಸೇಜಿನಲ್ಲೇ, ವಾಟ್ಸಾಪಿನಲ್ಲಿ ಅಲ್ಲ, ಇಷ್ಟು ಕೇಳಿ. ನಾವು ಮಲಗುವುದು ಫೋಟೋದಲ್ಲಿರುವ ಕಟ್ಟಡದಲ್ಲೇನಾ? ನೋಂದಣಿ ನಂಬರ್ ಏನು? ಕೋಣೆ ಬಿಸಿ ಮಾಡುವುದು ಯಾವುದರಿಂದ, ರಾತ್ರಿಯೆಲ್ಲ ಉರಿಸಬಹುದಾ, ಅದಕ್ಕೆ ಬೇರೆ ದುಡ್ಡಾ? ಎಷ್ಟು ಮೆಟ್ಟಿಲು? ನಾವು ಬರುವ ವಾರ, ಆ ಹೊತ್ತಿಗೆ ಬಸ್ ಇದೆಯಾ? ಸರಿಯಾಗಿ ನಡೆಸುವವರು ಇದಕ್ಕೆಲ್ಲ ಬೇಸರ ಮಾಡಿಕೊಳ್ಳದೆ ಉತ್ತರ ಕೊಡುತ್ತಾರೆ. "ಎಲ್ಲ ಇದೆ, ಬನ್ನಿ" ಅಂತ ಒಂದೇ ಸಾಲು ಬಂದರೆ ಬೇರೆ ಜಾಗ ನೋಡಿ.

ದೂರಿನ ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಯಾರಾದರೂ ಈಗ ಅಲ್ಲೇ ಸಿಕ್ಕಿಹಾಕಿಕೊಂಡಿದ್ದು ದೂರು ಪುಸ್ತಕದಲ್ಲಿ ಏನು ಬರೆಯಬೇಕು ಅಂತ ಗೊತ್ತಾಗದಿದ್ದರೆ ಕೇಳಿ, ನಾನು ಬರೆದದ್ದರ ಫೋಟೋ ಕಳಿಸುತ್ತೇನೆ.